ಕೂಟಶಾಸನವೂ ವಿದ್ವತ್ಪತ್ರಿಕೆಯ ಹೊಣೆಯೂ

೧

ಹಿಂದಿನ ಕಾಲದ ಅರಸರು ದತ್ತಿ ಬಿಟ್ಟಾಗ ಅದರ ವಿವರವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸಿ, ಹಲಗೆಗಳನ್ನು ಬಳೆಯೊಂದರಲ್ಲಿ ಕೋದು, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಒತ್ತಿಸುತ್ತಿದ್ದರು. ಬಾದಾಮಿಯ ಚಾಲುಕ್ಯರ ಮುದ್ರೆಯಲ್ಲಿ ವರಾಹವಿರುತ್ತಿತ್ತು. ತಲಕಾಡಿನ ಗಂಗರ ಮುದ್ರೆಯಲ್ಲಿ ಆನೆ. ಮುದ್ರೆ ಬೀಳುವ ತನಕ ಆ ಹಲಗೆ ಬರಿಯ ಲೋಹ. ಬಿದ್ದ ಮೇಲೆ ಅದು ಊರಿಗೆ ಒಡೆತನ, ತಲೆಮಾರುಗಳಿಗೆ ಜೀವನ, ವ್ಯಾಜ್ಯದಲ್ಲಿ ಸಾಕ್ಷಿ. ಅಕ್ಷರ ತಿಳಿಯದವನೂ ಮುದ್ರೆಯನ್ನು ನಂಬಬಹುದಾಗಿತ್ತು. ಹೀಗೆ ಮುದ್ರೆಗೆ ಬೆಲೆ ಬಂದೊಡನೆಯೇ ಕಳ್ಳಮುದ್ರೆಯೂ ಹುಟ್ಟಿತು. ಧರ್ಮಶಾಸ್ತ್ರಕಾರರು ಅಂತಹುದನ್ನು ಕೂಟಶಾಸನವೆಂದು ಕರೆದರು. ಮನುಸ್ಮೃತಿಯು ಅದನ್ನು ಮಾಡುವವನಿಗೆ ವಧದಂಡವನ್ನೇ ವಿಧಿಸಿತು. ದಂಡನೆ ಇಷ್ಟು ಕಠಿನವಾದುದಕ್ಕೆ ಕಾರಣ ಸ್ಪಷ್ಟವಾಗಿದೆ. ಕಳ್ಳನು ಒಬ್ಬನ ಮನೆಯ ಸೊತ್ತನ್ನು ಕದಿಯುತ್ತಾನೆ; ಕೂಟಶಾಸನವನ್ನು ಮಾಡುವವನು ಎಲ್ಲ ಶಾಸನಗಳ ಮೇಲಿನ ನಂಬಿಕೆಯನ್ನೂ ಕದಿಯುತ್ತಾನೆ.

ಕ್ರಿ.ಶ. ೬೩೧ರ ಸುಮಾರಿನಲ್ಲಿ ಹರ್ಷವರ್ಧನನು ಹೊರಡಿಸಿದ ಮಧುಬನದ ತಾಮ್ರಶಾಸನದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಒಂದು ಸಂಗತಿಯುಂಟು. ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಸೋಮಕುಂಡಕಾ ಎಂಬ ಊರನ್ನು ಅನುಭವಿಸುತ್ತಿದ್ದನು. ಅದು ತಿಳಿದು ಅರಸನು ಆ ಶಾಸನವನ್ನು ಒಡೆಯಿಸಿ, ಊರನ್ನು ಬೇರೆ ಇಬ್ಬರಿಗೆ ಕೊಟ್ಟನು. ಇಷ್ಟನ್ನೇ ಮಾಡಿ ಸುಮ್ಮನಾಗಿದ್ದರೆ ಇಂದು ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಹಳೆಯ ಶಾಸನವು ಸುಳ್ಳಾಗಿತ್ತು, ಆ ಕಾರಣದಿಂದ ಅದನ್ನು ಒಡೆಯಲಾಯಿತು ಎಂಬ ಮಾತನ್ನು ಹೊಸ ಶಾಸನದಲ್ಲಿಯೇ ಅವನು ಬರೆಯಿಸಿದನು. ತಪ್ಪನ್ನು ಅಳಿಸುವುದು ಒಂದು. ತಪ್ಪಿತ್ತೆಂಬುದನ್ನೂ ಅಳಿಸಿದ್ದೇಕೆಂಬುದನ್ನೂ ಮುಂದಿನವರಿಗಾಗಿ ಬರೆದಿಡುವುದು ಇನ್ನೊಂದು. ಈ ಎರಡನೆಯದರಲ್ಲಿಯೇ ಪ್ರಕಟಣೆಯ ಧರ್ಮದ ತಿರುಳಿದೆ.

ಈ ಕಾಲದಲ್ಲಿ ವಿದ್ವತ್ಪತ್ರಿಕೆಯ ಹೆಸರೇ ಅಂತಹ ಮುದ್ರೆಯಾಗಿದೆ. ಲೇಖನವೊಂದು ಪತ್ರಿಕೆಯಲ್ಲಿ ಅಚ್ಚಾಯಿತೆಂದರೆ ಅದನ್ನು ಬಲ್ಲವರು ಓದಿ ಪರೀಕ್ಷಿಸಿದ್ದಾರೆ, ಸಂಪಾದಕನು ಅದಕ್ಕೆ ಹೊಣೆಯಾಗಿದ್ದಾನೆ ಎಂದು ದೂರದ ಓದುಗನು ತಿಳಿಯುತ್ತಾನೆ. ಅವನಿಗೆ ಲೇಖಕನ ಪರಿಚಯವಿಲ್ಲ. ಲೇಖನದ ಆಧಾರಗಳನ್ನು ಶೋಧಿಸುವ ಸೌಕರ್ಯವೂ ಇಲ್ಲ. ಅವನು ನಂಬುವುದು ಮುದ್ರೆಯನ್ನು. ಹೀಗಿರುವಲ್ಲಿ ಆ ಮುದ್ರೆಯನ್ನು ಒತ್ತುವವರ ಹೊಣೆಯೇನೆಂಬುದನ್ನು ವಿಚಾರಿಸುವುದು ಯುಕ್ತ. ಅದಕ್ಕೆ ದೂರ ಹೋಗಬೇಕಾಗಿಲ್ಲ; ತಕ್ಕ ನಿದರ್ಶನವು ದಾವಣಗೆರೆಯ ನೆರೆಯಲ್ಲಿಯೇ ಇದೆ.

೨

ತುಂಗಭದ್ರೆಯ ದಡದ ಹರಿಹರವು ಹರಿಹರೇಶ್ವರನ ಗುಡಿಯಿಂದ ಪ್ರಸಿದ್ಧವಾದುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ವೇಳೆಗೆ ಆ ಗುಡಿಯನ್ನು ಕಟ್ಟಿಸಿದನೆಂಬುದನ್ನು ಅಲ್ಲಿಯ ಕಲ್ಲುಗಳೇ ಹೇಳುತ್ತವೆ. ಈ ಶಿಲಾಶಾಸನಗಳಲ್ಲದೆ, ಹರಿಹರದ ಹೆಸರನ್ನು ಹೊತ್ತ ಎರಡು ತಾಮ್ರಶಾಸನಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದವು. ಒಂದು ಬಾದಾಮಿಯ ಚಾಲುಕ್ಯ ವಿನಯಾದಿತ್ಯನದು. ಶಕ ೬೧೬ರದು, ಎಂದರೆ ಕ್ರಿ.ಶ. ೬೯೪ರದು. ಆಳುಪ ಅರಸನ ವಿಜ್ಞಾಪನೆಯ ಮೇರೆಗೆ ಬನವಾಸಿಯ ಕಡೆಯ ಊರೊಂದನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಇನ್ನೊಂದು ಗಂಗವಂಶದ ಹೆಸರಿನದು; ತನ್ನ ಕಾಲ ಶಕ ೨೭೨, ಎಂದರೆ ಕ್ರಿ.ಶ. ೩೫೦ ಎಂದು ತಾನೇ ಹೇಳಿಕೊಳ್ಳುವಂಥದು. ಮೊದಲನೆಯದನ್ನು ವಿದ್ವಾಂಸರು ನಿಜವಾದುದೆಂದು ಸ್ವೀಕರಿಸಿದರು. ಎರಡನೆಯದು ಕೂಟಶಾಸನಗಳ ಪಟ್ಟಿಗೆ ಸೇರಿತು.

ಈ ವಿಚಾರಣೆ ನಡೆದುದು ನ್ಯಾಯಸ್ಥಾನದಲ್ಲಲ್ಲ, ಪತ್ರಿಕೆಯಲ್ಲಿ. ಜೇಮ್ಸ್ ಬರ್ಜೆಸ್ ಎಂಬವರು ೧೮೭೨ರಲ್ಲಿ ಮುಂಬಯಿಯಲ್ಲಿ 'ಇಂಡಿಯನ್ ಆಂಟಿಕ್ವೆರಿ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕನ್ನಡನಾಡಿನ ಪ್ರಾಚೀನ ಶಾಸನಗಳಲ್ಲಿ ಎಷ್ಟೋ ಮೊದಲ ಬಾರಿಗೆ ಲೋಕಕ್ಕೆ ತಿಳಿದುಬಂದುದು ಈ ಪತ್ರಿಕೆಯ ಪುಟಗಳಿಂದಲೇ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದು ಕನ್ನಡ ಶಾಸನಗಳ ವ್ಯಾಸಂಗದಲ್ಲಿ ಹೆಸರಾದ ಜೆ. ಎಫ್. ಫ್ಲೀಟರು ಅದರಲ್ಲಿ ಮೊದಲಿನಿಂದಲೂ ಬರೆದರು. ೧೮೮೫ರಿಂದ ಕೆಲವು ವರ್ಷ ಅದರ ಸಂಪಾದಕರಲ್ಲೊಬ್ಬರೂ ಆಗಿದ್ದರು. ಇತ್ತ ಮೈಸೂರು ಸಂಸ್ಥಾನದಲ್ಲಿ, ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ಊರೂರಿನ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳ ಮಾಲೆಯನ್ನು ಹೊರತರುತ್ತಿದ್ದರು. ಚಿತ್ರದುರ್ಗ ಜಿಲ್ಲೆಗೆ ಮೀಸಲಾದ ಹನ್ನೊಂದನೆಯ ಸಂಪುಟವು ೧೯೦೩ರಲ್ಲಿ ಹೊರಬಿತ್ತು. ದಾವಣಗೆರೆ ಹರಿಹರಗಳ ಶಾಸನಗಳು ಸೇರಿರುವುದು ಅದರಲ್ಲಿಯೇ.

ಗಂಗರ ಪ್ರಾಚೀನ ತಾಮ್ರಶಾಸನಗಳ ವಿಷಯದಲ್ಲಿ ಈ ಇಬ್ಬರಿಗೂ ತೀವ್ರವಾದ ಮತಭೇದವಿತ್ತು. ಅವು ನಿಜವಾದುವು, ಅವುಗಳಿಂದ ಗಂಗರ ಚರಿತ್ರೆಯನ್ನು ಕಟ್ಟಬಹುದು ಎಂಬುದು ರೈಸರ ಪಕ್ಷ. ಅವುಗಳ ಲಿಪಿ ಹೇಳಿಕೊಂಡ ಕಾಲಕ್ಕಿಂತ ಬಹಳ ಈಚಿನದು, ಕಾಲನಿರ್ದೇಶಗಳು ಲೆಕ್ಕಕ್ಕೆ ಹೊಂದುವುದಿಲ್ಲ, ವಂಶಾವಳಿಗಳು ಕಲ್ಪಿತವಾಗಿವೆ ಎಂಬುದು ಫ್ಲೀಟರ ಪಕ್ಷ. ಕೊಡಗಿನ ಮಡಿಕೇರಿಯಲ್ಲಿ ದೊರೆತ ಶಕ ೩೮೮ರ ಶಾಸನವೂ ಹರಿಹರದ ಶಕ ೨೭೨ರ ಶಾಸನವೂ ಈ ಆಕ್ಷೇಪಕ್ಕೆ ಗುರಿಯಾದವು. ೧೯೦೧ರಲ್ಲಿ ಫ್ಲೀಟರು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿಯೇ ಭಾರತದ ಕೂಟಶಾಸನಗಳ ವಿಷಯವಾಗಿ ಒಂದು ಲೇಖನವನ್ನು ಬರೆದು ಅವುಗಳ ಪಟ್ಟಿಯನ್ನು ಕೊಟ್ಟರು. ವಾದವು ಒಂದು ತಲೆಮಾರಿನಷ್ಟು ಕಾಲ ನಡೆಯಿತು.

ಈ ವಾದದಲ್ಲಿ ಗೆದ್ದವರಾರು ಎಂದು ಕೇಳುವುದು ಸಹಜ. ಆದರೆ ಪ್ರಕೃತ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ವಾದವು ನಡೆದ ರೀತಿ. ಮೊದಲನೆಯದಾಗಿ, ಮುಖ್ಯ ಶಾಸನಗಳ ಪಾಠದೊಡನೆ ಪಡಿಯಚ್ಚನ್ನೂ ಮುದ್ರಿಸುವ ಪದ್ಧತಿ ಆ ಪತ್ರಿಕೆಯಲ್ಲಿ ಬೆಳೆಯಿತು. ಸಂಪಾದಕನ ಓದು ಸರಿಯೇ ಎಂಬುದನ್ನು ಅವನ ಮಾತಿನ ಮೇಲೆಯೇ ನಂಬಬೇಕಾಗಿರಲಿಲ್ಲ. ಬಲ್ಲವನು ಅಕ್ಷರ ಅಕ್ಷರವಾಗಿ ತಾನೇ ನೋಡಬಹುದಾಗಿತ್ತು. ಎರಡನೆಯದಾಗಿ, ಶಾಸನವು ಯಾರಲ್ಲಿ, ಎಲ್ಲಿ ದೊರೆಯಿತೆಂಬುದನ್ನು ಹೇಳುವುದು ವಾಡಿಕೆಯಾಯಿತು. ಬನವಾಸಿಯ ಕಡೆಯ ಭೂಮಿಯ ದತ್ತಿ ಹರಿಹರದಲ್ಲಿ ದೊರೆತುದು ಏಕೆಂಬ ಪ್ರಶ್ನೆ ಹುಟ್ಟುವುದು ದೊರೆತ ಸ್ಥಳವನ್ನು ಹೇಳಿದ್ದರಿಂದಲೇ. ತಾಮ್ರದ ಹಲಗೆಗಳು ಮನೆತನಗಳೊಡನೆ ಊರಿಂದೂರಿಗೆ ಹೋಗುತ್ತವೆಂಬ ತಿಳಿವೂ ಅದರಿಂದಲೇ. ಮೂರನೆಯದಾಗಿ, ಒಂದು ಪಕ್ಷವು ಅಚ್ಚಾದ ಕ್ಷೇತ್ರದಲ್ಲಿಯೇ ಪ್ರತಿಪಕ್ಷವೂ ಅಚ್ಚಾಯಿತು. ಶಾಸನವನ್ನು ಪ್ರಕಟಿಸಿದ ಪತ್ರಿಕೆಯೇ ಅದು ಕೂಟವೆಂಬ ಮಾತನ್ನೂ ಪ್ರಕಟಿಸಲು ಹಿಂಜರಿಯಲಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಪೆನುಗೊಂಡೆಯಲ್ಲಿ ಗಂಗ ಮಾಧವನ ತಾಮ್ರಶಾಸನವೊಂದು ದೊರೆತಾಗ ಅದನ್ನು ಫ್ಲೀಟರು ಪರೀಕ್ಷಿಸಿದರು. ಗಂಗರ ಪ್ರಾಚೀನ ಶಾಸನಗಳನ್ನು ಅದುವರೆಗೆ ಒಂದೊಂದಾಗಿ ತಳ್ಳಿಹಾಕಿದ್ದ ಅವರೇ ೧೯೧೫ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದು ನಿಜವಾದ ಶಾಸನವೆಂದೂ ಇದರ ಲಿಪಿ ಕ್ರಿ.ಶ. ೪೭೫ರ ಸುಮಾರಿನದೆಂದೂ ಬರೆದರು. ಆಗ ಅವರಿಗೆ ಅರುವತ್ತೆಂಟು ವರ್ಷ. ಇನ್ನೆರಡು ವರ್ಷಗಳಲ್ಲಿ ತೀರಿಕೊಂಡರು. ಜೀವಮಾನವೆಲ್ಲ ಹಿಡಿದ ಹಟವನ್ನು ಒಂದು ಹಲಗೆಯ ಅಕ್ಷರಗಳ ಮುಂದೆ ಸಡಿಲಿಸುವುದು ಸಣ್ಣ ಮಾತಲ್ಲ. ಗೆಳೆಯರೊಡನೆ ಮಾತಿನಲ್ಲಿ ಒಪ್ಪಿಕೊಂಡಿದ್ದರೂ ಆಗುತ್ತಿತ್ತು. ಅವರು ಅಚ್ಚಿನಲ್ಲಿ ಒಪ್ಪಿಕೊಂಡರು. ಅಚ್ಚಿನಲ್ಲಿ ಆಡಿದ ಮಾತಿಗೆ ಅಚ್ಚಿನಲ್ಲಿಯೇ ತಿದ್ದುಪಡಿ ಸಲ್ಲಬೇಕು.

೩

ಹಿಂದಿನವರೆಲ್ಲ ಋಷಿಗಳಾಗಿದ್ದರು, ಈಗಿನವರೆಲ್ಲ ಕೆಟ್ಟರು ಎಂದು ಇದರಿಂದ ತೀರ್ಮಾನಿಸಿದರೆ ಅದು ವಿಮರ್ಶೆಯಾಗುವುದಿಲ್ಲ. ಆ ಕಾಲದ ಪ್ರಕಟಣೆಗಳಲ್ಲಿಯೂ ಕೊರತೆಗಳಿದ್ದುವು. ಫ್ಲೀಟರ ಬರಹದಲ್ಲಿ ಎದುರಾಳಿಯನ್ನು ಚುಚ್ಚುವ ಕಟುತ್ವ ಎಷ್ಟೋ ಕಡೆ ಇಣುಕುತ್ತದೆ. ಅವರು ಕೂಟವೆಂದು ಬದಿಗೊತ್ತಿದ ಶಾಸನಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ನಿಜವೆಂದು ಎತ್ತಿಕೊಂಡದ್ದೂ ಉಂಟು. ರೈಸರ ೧೮೭೯ರ 'ಮೈಸೂರು ಇನ್ಸ್‌ಕ್ರಿಪ್‌ಷನ್ಸ್' ಎಂಬ ಗ್ರಂಥವಾದರೋ ಬಹುಮಟ್ಟಿಗೆ ಮೇಜರ್ ಡಿಕ್ಸನ್ ಎಂಬವರು ತೆಗೆದಿದ್ದ ಛಾಯಾಚಿತ್ರಗಳನ್ನು ಅವಲಂಬಿಸಿದುದು. ಚಿತ್ರದಲ್ಲಿ ಕಾಣದ ಅಕ್ಷರವನ್ನು ಊಹೆಯಿಂದ ತುಂಬಬೇಕಾಗುತ್ತದೆ. ಊಹೆಯಿದ್ದಲ್ಲಿ ತಪ್ಪೂ ಇರುತ್ತದೆ. ಆದರೆ ರೈಸರು ಆ ಗ್ರಂಥಕ್ಕೆ ಅಂಟಿಕೊಂಡು ಕೂರಲಿಲ್ಲ. ಕಲ್ಲುಗಳಿದ್ದೆಡೆಯಿಂದಲೇ ಪ್ರತಿಗಳನ್ನು ತೆಗೆಯಿಸಿ, ಜಿಲ್ಲೆ ಜಿಲ್ಲೆಗೆ ಹೊಸ ಸಂಪುಟಗಳನ್ನು ಮಾಡಿದರು. ಅವರ ೧೮೮೯ರ ಶ್ರವಣಬೆಳಗೊಳದ ಸಂಪುಟದಲ್ಲಿ ೧೪೪ ಶಾಸನಗಳಿದ್ದರೆ, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಮುದ್ರಣದಲ್ಲಿ ೫೦೦ ಶಾಸನಗಳಾದುವು. ಹಿಂದಿನವರ ಕೆಲಸವನ್ನು ಮುಂದಿನವರು ಅದೇ ಮಾಲೆಯ ಅದೇ ಸಂಖ್ಯೆಯ ಸಂಪುಟದಲ್ಲಿ ತಿದ್ದಿ ಬೆಳೆಸಿದ್ದು ಕನ್ನಡನಾಡಿನ ವಿದ್ವತ್ತಿನ ಒಂದು ಗೌರವ.

ತಪ್ಪಿಲ್ಲದಿರುವುದು ಪತ್ರಿಕೆಯ ಧರ್ಮವೆಂದು ಯಾರೂ ಹೇಳಲಾರರು. ತಪ್ಪನ್ನು ಪರರು ಕಂಡುಹಿಡಿಯಲು ದಾರಿ ಬಿಟ್ಟಿರುವುದು, ಕಂಡುಹಿಡಿದಾಗ ಅದಕ್ಕೆ ಎಡೆ ಕೊಡುವುದು ಅದರ ಧರ್ಮ.

ಇನ್ನೊಂದು ಕೊರತೆ ಸೂಕ್ಷ್ಮವಾದುದು. ಅದು ಹೆಸರಿನ ವಿಷಯ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿದ್ದಾಗ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಅವರ ಕೈಗೆ ಬಂದಿತು. ೧೯೦೫ರಿಂದ ಅದರ ಭಾಗಗಳ ಅನುವಾದ ಪತ್ರಿಕೆಗಳಲ್ಲಿ ಬೆಳಕು ಕಂಡಿತು; ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಪೂರ್ಣ ಅನುವಾದವೂ ಗ್ರಂಥರೂಪದಲ್ಲಿ ಪ್ರಕಟವಾದುವು. ಅನುವಾದಕ್ಕೆ ಪೀಠಿಕೆಯ ಮಾತನ್ನು ಬರೆದವರು ಆ ಫ್ಲೀಟರೇ. ಶಾಸ್ತ್ರಿಗಳ ಕೀರ್ತಿ ದೇಶಾಂತರಗಳಿಗೆ ಹಬ್ಬಿತು, ಅದು ಹಬ್ಬಬೇಕಾದುದೇ. ಆದರೆ ಓಲೆಯ ಕಟ್ಟನ್ನು ತಂದು ಕೋಶಾಗಾರಕ್ಕೆ ಒಪ್ಪಿಸಿದವರು ತಂಜಾವೂರು ಸೀಮೆಯ ಒಬ್ಬ ಪಂಡಿತರೆಂದು ಮಾತ್ರ ಲೋಕಕ್ಕೆ ಗೊತ್ತು. ಅವರ ಹೆಸರು ಪ್ರಸಿದ್ಧಿಗೆ ಬರಲಿಲ್ಲ. ಪಂಡಿತರೊಬ್ಬರು ಕೊಟ್ಟರೆಂಬ ಮಾತನ್ನಾದರೂ ಶಾಸ್ತ್ರಿಗಳು ಮರೆಯದೆ ಬರೆದರು. ಅದು ಅವರ ಪ್ರಾಮಾಣಿಕತೆ. ಹೆಸರು ಉಳಿಯದೆ ಹೋದುದು ಕಾಲದ ಕೊರತೆ. ಪ್ರತಿಯನ್ನು ಕೊಟ್ಟವನು, ಕಲ್ಲನ್ನು ತೊಳೆದು ಅಚ್ಚನ್ನು ತೆಗೆದವನು, ಲೆಕ್ಕ ಮಾಡಿದವನು, ತನ್ನ ಮನೆಯ ಹಲಗೆಯನ್ನು ನಂಬಿ ತೋರಿಸಿದ ಒಕ್ಕಲಿಗ, ಇವರೆಲ್ಲರಿಗೂ ಲೇಖನದಲ್ಲಿ ಸಲ್ಲಬೇಕಾದ ಋಣವಿದೆ. ದುಡಿದವನ ಹೆಸರನ್ನು ಬಿಡುವುದು ಎಷ್ಟು ಅನ್ಯಾಯವೋ, ದುಡಿಯದ ಹಿರಿಯನ ಹೆಸರನ್ನು ಗೌರವಕ್ಕೆಂದು ಸೇರಿಸುವುದೂ ಅಷ್ಟೇ ಅನ್ಯಾಯ. ಎರಡೂ ಕಡೆ ಓದುಗನಿಗೆ ಸುಳ್ಳನ್ನೇ ಹೇಳಿದಂತಾಗುತ್ತದೆ.

೪

ಹಳೆಯ ಅರಸನ ಕಾಲವನ್ನು ನೂರು ವರ್ಷ ಹಿಂದುಮುಂದು ಮಾಡಿದರೆ ಯಾರ ಮನೆಯೂ ಮುಳುಗುವುದಿಲ್ಲವೆಂದು ಕೆಲವರು ಹೇಳಬಹುದು. ವೈದ್ಯಶಾಸ್ತ್ರದ ಪತ್ರಿಕೆಗಳನ್ನು ನೋಡಿದರೆ ಈ ಉದಾಸೀನಕ್ಕೆ ಎಡೆಯಿರುವುದಿಲ್ಲ. ಲಂಡನ್ನಿನ 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ಪತ್ರಿಕೆಯು ೧೯೯೮ರಲ್ಲಿ ಹನ್ನೆರಡು ಮಕ್ಕಳನ್ನು ಕುರಿತ ಲೇಖನವೊಂದನ್ನು ಪ್ರಕಟಿಸಿತು. ದಡಾರ, ಮಂಗಬಾವು, ರುಬೆಲ್ಲಾ ಬೇನೆಗಳ ವಿರುದ್ಧ ಹಾಕುವ ಲಸಿಕೆಗೂ ಆಟಿಸಂ ಎಂಬ ಸ್ಥಿತಿಗೂ ಸಂಬಂಧವಿರಬಹುದೆಂಬ ಶಂಕೆಯನ್ನು ಅದು ಬಿತ್ತಿತು. ಲೇಖನದಲ್ಲಿ ಸತ್ಯವಿಲ್ಲವೆಂದು ಪತ್ರಿಕೆಯು ಅದನ್ನು ಹಿಂತೆಗೆದುಕೊಂಡದ್ದು ೨೦೧೦ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಾಯಂದಿರು ತಮ್ಮ ಮಕ್ಕಳಿಗೆ ಲಸಿಕೆ ಹಾಕಿಸಲು ಅಂಜಿದರು. ಆ ಅಂಜಿಕೆ ಹಿಂತೆಗೆತದ ನಂತರವೂ ಪೂರ್ತಿಯಾಗಿ ಅಳಿಯಲಿಲ್ಲ. ಅದೇ ಪತ್ರಿಕೆಯು ೨೦೨೦ರ ಮೇ ೨೨ರಂದು ಕೋವಿಡ್ ರೋಗಿಗಳ ಔಷಧವನ್ನು ಕುರಿತು ಪ್ರಕಟಿಸಿದ ಲೇಖನವೊಂದರ ಅಂಕಿಅಂಶಗಳನ್ನು ಹಲವು ದೇಶಗಳ ವಿದ್ವಾಂಸರು ಬಹಿರಂಗವಾಗಿ ಪ್ರಶ್ನಿಸಿದಾಗ, ಜೂನ್ ೪ರಂದೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಹನ್ನೆರಡು ವರ್ಷಗಳೆಲ್ಲಿ, ಹದಿಮೂರು ದಿನಗಳೆಲ್ಲಿ! ೧೯೬೫ರಲ್ಲಿಯೇ ವೈದ್ಯ ಕಾಲೇಜನ್ನು ಪಡೆದ ದಾವಣಗೆರೆಯಂತಹ ಊರಿನಲ್ಲಿ, ವೈದ್ಯನು ನಂಬಿ ಓದುವ ಪುಟಕ್ಕೂ ರೋಗಿಯ ಹಾಸಿಗೆಗೂ ನಡುವಣ ದೂರ ಎಷ್ಟು ಕಿರಿದೆಂಬುದನ್ನು ವಿವರಿಸಬೇಕಾದುದಿಲ್ಲ.

ಇವೆರಡೂ ಎಚ್ಚರವುಳ್ಳ ಪತ್ರಿಕೆಯೂ ಎಡವಿದ ಕಥೆಗಳು. ಎಚ್ಚರವನ್ನೇ ಮಾರಿಕೊಂಡ ಪತ್ರಿಕೆಗಳ ಕಥೆ ಬೇರೆ. ಅಂತರ್ಜಾಲವು ಬಂದ ಬಳಿಕ ಅಚ್ಚುಮನೆಯೂ ಕಾಗದವೂ ಇಲ್ಲದೆ ಪತ್ರಿಕೆಯನ್ನು ನಡೆಸುವುದು ಸಾಧ್ಯವಾಯಿತು. ಜ್ಞಾನವನ್ನು ಬಡವನಿಗೂ ಬಿಟ್ಟಿಯಾಗಿ ಮುಟ್ಟಿಸುವ ಪತ್ರಿಕೆಗಳು ಅದರಿಂದ ಹುಟ್ಟಿದುವು. ಇದು ದೊಡ್ಡ ಲಾಭ. ಅದರ ನೆರಳಿನಲ್ಲಿಯೇ ಲೇಖಕನಿಂದ ಹಣ ಪಡೆದು, ಯಾರಿಂದಲೂ ಓದಿಸದೆ, ಕೆಲವೇ ದಿನಗಳಲ್ಲಿ ಲೇಖನವನ್ನು ಪ್ರಕಟಿಸಿಬಿಡುವ ವ್ಯಾಪಾರವೂ ಹುಟ್ಟಿತು. 'ಅಂತರರಾಷ್ಟ್ರೀಯ' ಎಂಬ ವಿಶೇಷಣ, ಒಪ್ಪಿಗೆಯಿಲ್ಲದೆ ಹಾಕಿಕೊಂಡ ಪ್ರಸಿದ್ಧರ ಹೆಸರುಗಳು, ಎಲ್ಲಿಯೂ ಇಲ್ಲದ ಕಛೇರಿಯ ವಿಳಾಸ, ಇವೇ ಅದರ ಬಂಡವಾಳ. ಹಳೆಯ ಗೌರವಸ್ಥ ಪತ್ರಿಕೆಯ ಹೆಸರನ್ನೇ ಕದ್ದು ಅದರ ಪಡಿಯಚ್ಚಿನಂತೆ ಜಾಲತಾಣವನ್ನು ತೆರೆದವರೂ ಉಂಟು. ಕೂಟಮುದ್ರೆಯೆಂಬ ಹೆಸರು ಇದಕ್ಕೆ ಅಕ್ಷರಶಃ ಒಪ್ಪುತ್ತದೆ. ಹೈದರಾಬಾದಿನ ಇಂತಹ ಪ್ರಕಾಶನ ಸಂಸ್ಥೆಯೊಂದರ ಮೇಲೆ ಅಮೆರಿಕದ ನ್ಯಾಯಾಲಯವು ೨೦೧೯ರಲ್ಲಿ ಐದು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆರಬೇಕೆಂದು ತೀರ್ಪು ಕೊಟ್ಟಿತು.

ಈ ವ್ಯಾಪಾರಕ್ಕೆ ಗಿರಾಕಿಗಳು ಎಲ್ಲಿಂದ ಬಂದರು? ಇದಕ್ಕೆ ಉತ್ತರವನ್ನು ವ್ಯಾಪಾರಿಯ ಅಂಗಡಿಯಲ್ಲಿ ಹುಡುಕುವುದಕ್ಕಿಂತ ವಿದ್ಯಾಸಂಸ್ಥೆಗಳ ಕಡತಗಳಲ್ಲಿ ಹುಡುಕುವುದು ಮೇಲು. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೦ರ ನಿಯಮಗಳಲ್ಲಿ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಗಳನ್ನು ನಿಗದಿ ಮಾಡಿತು. ಪ್ರಕಟವಾದ ಒಂದೊಂದು ಲೇಖನಕ್ಕೆ ಇಷ್ಟಿಷ್ಟು ಅಂಕ. ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮುನ್ನ ಲೇಖನವು ಪ್ರಕಟವಾಗಿರಬೇಕೆಂಬ ಕಟ್ಟಳೆಯೂ ಇತ್ತು. ಅದನ್ನು ೨೦೨೨ರಲ್ಲಿ ಕೈಬಿಡಲಾಯಿತು. ಎಣಿಸುವುದು ಸುಲಭ, ಓದುವುದು ಕಷ್ಟ. ಎಣಿಕೆಯೇ ಯೋಗ್ಯತೆಯಾದಲ್ಲಿ ಎಣಿಕೆಯನ್ನು ಮಾರುವವನು ಹುಟ್ಟದಿರುವನೇ? ಸಂಜೆಯವರೆಗೆ ಪಾಠ ಹೇಳಿ ಮನೆಗೆ ಬಂದ ತಾಲೂಕು ಕೇಂದ್ರದ ಅಧ್ಯಾಪಕನಿಗೆ ಗ್ರಂಥಭಂಡಾರವೂ ಇಲ್ಲ, ಪ್ರಯೋಗಶಾಲೆಯೂ ಇಲ್ಲ, ಬಿಡುವೂ ಇಲ್ಲ. ಆದರೆ ಲೇಖನಗಳ ಪಟ್ಟಿ ಮಾತ್ರ ಬೇಕು. ಅವನು ಹಣ ತೆತ್ತು ಪ್ರಕಟಿಸಿದುದು ತಪ್ಪೇ ಸರಿ. ಆ ತಪ್ಪಿಗೆ ಅವನನ್ನು ನೂಕಿದ ಎಣಿಕೆಯೂ ತಪ್ಪಿನಲ್ಲಿ ಪಾಲುಗಾರನೆಂಬುದನ್ನು ಮರೆಯಲಾಗದು.

ಆಯೋಗವು ಇದಕ್ಕೆ ಮದ್ದಾಗಿ ೨೦೧೭ರಲ್ಲಿ ಒಪ್ಪಿತ ಪತ್ರಿಕೆಗಳ ಪಟ್ಟಿಯನ್ನು ಮಾಡಿತು. ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ ಪತ್ರಿಕೆಗಳನ್ನು ಪುಣೆಯ ವಿದ್ವಾಂಸರು ಪರಿಶೀಲಿಸಿ, ಅವುಗಳಲ್ಲಿ ನೂರಕ್ಕೆ ೮೮ಕ್ಕೂ ಮಿಕ್ಕವು ಕಳಪೆಯಾಗಿರಬಹುದೆಂದು ೨೦೧೮ರಲ್ಲಿ ಪ್ರಕಟಿಸಿದರು. ಅದನ್ನು ಪ್ರಕಟಿಸಿದುದು ಬೆಂಗಳೂರಿನಲ್ಲಿ ೧೯೩೨ರಿಂದ ನಡೆದುಬಂದಿರುವ 'ಕರೆಂಟ್ ಸೈನ್ಸ್' ಪತ್ರಿಕೆ. ಆ ವರ್ಷದ ಮೇ ತಿಂಗಳಲ್ಲಿ ಆಯೋಗವು ೪,೩೦೫ ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಬಳಿಕ 'ಕೇರ್' ಎಂಬ ಹೆಸರಿನ ಹೊಸ ಪಟ್ಟಿ ೨೦೧೯ರಲ್ಲಿ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಲಾಯಿತು. ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಈಗ ಆಯಾ ವಿದ್ಯಾಸಂಸ್ಥೆಯದು, ಆಯಾ ಅಧ್ಯಾಪಕನದು.

೫

ಈ ಬದಲಾವಣೆಯನ್ನು ಕೆಲವರು ಅನಾಹುತವೆಂದು ಕಂಡಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಪಟ್ಟಿಯೊಂದಿದ್ದರೆ ಪಕ್ಷಪಾತಕ್ಕೆ ತಡೆಯಿರುತ್ತದೆ. ಸ್ಥಳೀಯವಾಗಿ ತೀರ್ಮಾನಿಸಹೊರಟರೆ ಬಂಧುತ್ವ, ಜಾತಿ, ಮುಖದಾಕ್ಷಿಣ್ಯಗಳು ಒಳನುಗ್ಗುತ್ತವೆ ಎಂಬುದು ಅವರ ಭೀತಿ. ಆದರೆ ಪಟ್ಟಿಯು ಓದುವ ಕೆಲಸವನ್ನು ತಪ್ಪಿಸುವ ಉಪಾಯವಾಗಿತ್ತೆಂಬುದನ್ನೂ ಒಪ್ಪಬೇಕಾಗುತ್ತದೆ. ಪಟ್ಟಿಯಲ್ಲಿರುವ ಪತ್ರಿಕೆಯ ಲೇಖನವನ್ನು ಯಾರೂ ಓದುತ್ತಿರಲಿಲ್ಲ, ಪಟ್ಟಿಯಲ್ಲಿದೆಯೆಂಬ ಕಾರಣಕ್ಕೆ. ಪಟ್ಟಿಯಲ್ಲಿಲ್ಲದುದನ್ನೂ ಓದುತ್ತಿರಲಿಲ್ಲ, ಇಲ್ಲವೆಂಬ ಕಾರಣಕ್ಕೆ. ಮುದ್ರೆಯನ್ನಷ್ಟೇ ನೋಡಿ ಹಲಗೆಯನ್ನು ಓದದ ಅಭ್ಯಾಸದಿಂದಲೇ ಕೂಟಶಾಸನಗಳು ಶತಮಾನಗಳ ಕಾಲ ಬದುಕಿದುವು.

ನಕಲನ್ನು ತಡೆಯಲು ೨೦೧೮ರಲ್ಲಿ ಬಂದ ನಿಯಮಗಳ ಗತಿಯೂ ಇಂಥದೇ. ಬೇರೆಡೆಯ ಬರಹದೊಡನೆ ನೂರಕ್ಕೆ ಹತ್ತರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಅದನ್ನು ಮೀರಿದರೆ, ನಲವತ್ತನ್ನೂ ಅರುವತ್ತನ್ನೂ ದಾಟಿದಂತೆಲ್ಲ, ದಂಡನೆ ಏರುತ್ತದೆ. ಅಕ್ಷರವನ್ನು ಅಕ್ಷರದೊಡನೆ ಹೋಲಿಸುವ ಯಂತ್ರವು ಮಾತಿನ ಕ್ರಮವನ್ನು ತಿರುವಿಟ್ಟವನನ್ನು ಹಿಡಿಯಲಾರದು. ಇಂಗ್ಲಿಷಿನಿಂದ ವಾಕ್ಯವಾಕ್ಯವಾಗಿ ಕನ್ನಡಕ್ಕೆ ಇಳಿಸಿ ತನ್ನದೆಂದು ಅಚ್ಚುಹಾಕಿಸಿದವನಂತೂ ಅದರ ಬಲೆಗೆ ಸುಲಭವಾಗಿ ಬೀಳುವವನಲ್ಲ. ಕನ್ನಡದ ಸಂಶೋಧನ ಲೇಖನಕ್ಕೆ ಯಂತ್ರವು ಕೊಟ್ಟ ಅಲ್ಪಸಂಖ್ಯೆಯನ್ನು ಶುದ್ಧಿಯ ಪ್ರಮಾಣಪತ್ರವೆಂದು ಹಿಡಿಯುವುದು ಆತ್ಮವಂಚನೆ. ವಿಷಯವನ್ನು ಬಲ್ಲ ಒಬ್ಬನು ಕುಳಿತು ಓದಿದರೆ ಇಂತಹ ಕಳವು ತಾನಾಗಿ ಬಯಲಾಗುತ್ತದೆ.

ಓದಿದುದಕ್ಕೆ ಫಲವುಂಟೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. 'ವೈಮಾನಿಕ ಶಾಸ್ತ್ರ'ವೆಂಬ ಗ್ರಂಥವು ಭರದ್ವಾಜ ಮಹರ್ಷಿಯದೆಂದೂ ಅದರಲ್ಲಿ ಪ್ರಾಚೀನ ವಿಮಾನಗಳ ರಚನೆಯಿದೆಯೆಂದೂ ಪ್ರಚಾರವಾಗಿ, ೧೯೭೩ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು ಅದನ್ನು ನಗೆಯಾಡಿ ಬಿಡಲಿಲ್ಲ. ಭಾಷೆಯನ್ನು ನೋಡಿದರು, ಕೃತಿಯು ಬೆಳಕಿಗೆ ಬಂದ ಬಗೆಯನ್ನು ವಿಚಾರಿಸಿದರು, ಚಿತ್ರಗಳ ಅಳತೆಗಳಿಗೆ ಲೆಕ್ಕ ಹಾಕಿದರು. ಕೃತಿಯು ೧೯೦೪ಕ್ಕಿಂತ ಹಿಂದಿನದಾಗಿರಲಾರದು, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು ೧೯೭೪ರಲ್ಲಿ ಕಾರಣಸಹಿತವಾಗಿ ಪ್ರಕಟಿಸಿದರು. ಪ್ರಾಚೀನತೆಯ ಅಭಿಮಾನವಿದ್ದವರಿಗೆ ಅದು ಕಹಿಯಾಗಿರಬಹುದು. ಆದರೆ ಆ ಲೇಖನವನ್ನು ಇಂದಿಗೂ ಯಾರು ಬೇಕಾದರೂ ತೆಗೆದು, ಅದರ ಲೆಕ್ಕವನ್ನು ಪರೀಕ್ಷಿಸಬಹುದು. 'ಇದು ಹೌದು' ಎಂಬ ಲೇಖನಕ್ಕೆ ಸಿಗುವ ಮರ್ಯಾದೆಯೇ 'ಇದು ಅಲ್ಲ' ಎಂಬ ಲೇಖನಕ್ಕೂ ಸಿಗಬೇಕು. ಅದಿಲ್ಲದ ಪತ್ರಿಕೆಯು ಒಂದೇ ತಟ್ಟೆಯ ತಕ್ಕಡಿ.

ದಾವಣಗೆರೆಯವರಿಗೆ ತಕ್ಕಡಿಯ ಮಾತನ್ನು ಹೆಚ್ಚು ಹೇಳಬೇಕಾಗಿಲ್ಲ. ಹತ್ತಿಯ ಪೇಟೆಯಿಂದ ಬೆಳೆದ ಊರು ಅದು. ಒಂದು ಅಂಗಡಿಯ ತೂಕದ ಕಲ್ಲು ಸುಳ್ಳಾದರೆ ಆ ಅಂಗಡಿಯೊಂದೇ ಕೆಡುವುದಿಲ್ಲ, ಪೇಟೆಯ ಹೆಸರೇ ಕೆಡುತ್ತದೆಂಬುದನ್ನು ವರ್ತಕರು ಬಲ್ಲರು. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾಗಿ, ಲೇತ್ ಯಂತ್ರಗಳನ್ನು ಮಾಡಿ ಹೆಸರಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರ ಮನೆಗಳಲ್ಲಿಯೂ ಈ ತಿಳಿವಳಿಕೆಯಿರಬೇಕು: ಲೇತ್ ಕೂದಲೆಳೆಯಷ್ಟು ಓರೆಯಾದರೆ ಅದರಿಂದ ಹೊರಬೀಳುವ ಎಲ್ಲ ಭಾಗಗಳೂ ಓರೆಯಾಗುತ್ತವೆ. ೧೯೫೧ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ೨೦೦೯ರಲ್ಲಿ ತನ್ನದೇ ವಿಶ್ವವಿದ್ಯಾಲಯವನ್ನೂ ಪಡೆದ ಈ ಸೀಮೆಗೆ ಪ್ರಕಟಣೆಯ ಧರ್ಮವು ದೂರದ ರಾಜಧಾನಿಯ ಸಮಸ್ಯೆಯಾಗಿ ಉಳಿದಿಲ್ಲ.

ಮಾಡತಕ್ಕ ಕೆಲಸವೂ ಕೈಗೆ ಎಟುಕದುದಲ್ಲ. ಬಡ್ತಿಯ ಸಮಿತಿಯು ಇಪ್ಪತ್ತು ಲೇಖನಗಳ ಪಟ್ಟಿಗೆ ಬದಲಾಗಿ ಅಧ್ಯಾಪಕನೇ ಆರಿಸಿ ಕೊಟ್ಟ ಎರಡು ಲೇಖನಗಳನ್ನು ಕೇಳಿ ಓದಬಹುದು. ಕಾಲೇಜು ತನ್ನ ಪತ್ರಿಕೆಯಲ್ಲಿ ಲೇಖನವನ್ನು ಪರೀಕ್ಷಿಸುವ ಕ್ರಮವೇನೆಂಬುದನ್ನು ಬಹಿರಂಗವಾಗಿ ಹೇಳಬಹುದು. ಸಂಪಾದಕನು ತನ್ನ ಲೇಖನವನ್ನು ತನ್ನ ಪತ್ರಿಕೆಯಲ್ಲಿ ತಾನೇ ಪರೀಕ್ಷಿಸದಿರಬಹುದು. ತಿದ್ದುಪಡಿಯನ್ನು ಕೊನೆಯ ಪುಟದ ಮೂಲೆಗೆ ತಳ್ಳದೆ ಲೇಖನ ಅಚ್ಚಾದಷ್ಟೇ ಎದ್ದುಕಾಣುವಂತೆ ಅಚ್ಚುಹಾಕಬಹುದು. ಶಾಸನ, ಹಸ್ತಪ್ರತಿ, ಜಾನಪದಗಳ ಲೇಖನಗಳಲ್ಲಿ ಮೂಲವು ಯಾರದು, ಯಾರು ಹಾಡಿದರು, ಯಾರು ತೋರಿಸಿದರು ಎಂಬುದನ್ನು ಅವರ ಒಪ್ಪಿಗೆಯೊಡನೆ ನಮೂದಿಸಬಹುದು. ಇವುಗಳಲ್ಲಿ ಒಂದಕ್ಕೂ ಸರಕಾರದ ಆಜ್ಞೆ ಬೇಕಾಗಿಲ್ಲ.

ಜಿಲ್ಲೆಯ ಸಾಹಿತ್ಯ ಸಂಘಗಳ ಸಣ್ಣ ಪತ್ರಿಕೆಗಳಿಗೂ ಈ ಮಾತು ಸಲ್ಲುತ್ತದೆ. ಅಂಕಗಳ ಆಸೆಯಿಲ್ಲದೆ ಬರೆಯುವವರೂ ಸಂಬಳವಿಲ್ಲದೆ ಸಂಪಾದಿಸುವವರೂ ಉಳಿದಿರುವುದು ಅಲ್ಲಿಯೇ. ಊರಿನ ಕಲ್ಲಿನ ಓದನ್ನು ಮೊದಲು ಪ್ರಕಟಿಸುವ ಭಾಗ್ಯ ಅವಕ್ಕೆ ಎಷ್ಟೋ ವೇಳೆ ದೊರೆಯುತ್ತದೆ. ಊರಿನ ಅಭಿಮಾನಕ್ಕಾಗಿ ಕಾಲವನ್ನು ಹಿಂದೂಡುವ ಆಸೆಯೂ ಅಷ್ಟೇ ಸಮೀಪದಲ್ಲಿರುತ್ತದೆ. ಹರಿಹರದ ಚರಿತ್ರೆಯನ್ನು ಬರೆಯುವವನಿಗೆ ಕ್ರಿ.ಶ. ೩೫೦ರಿಂದ ಆರಂಭಿಸುವುದು ಹಿತವಾಗಿ ಕಂಡೀತು; ತಾಮ್ರದ ಹಲಗೆಯೊಂದು ಹಾಗೆ ಹೇಳುತ್ತಲೂ ಇದೆ. ಆದರೆ ಆ ಹಲಗೆಯ ಮೇಲೆ ವಿದ್ವಾಂಸರು ಎತ್ತಿದ ಆಕ್ಷೇಪವನ್ನು ಹೇಳದೆ ಅದನ್ನು ಉದಾಹರಿಸಿದವನು, ಕೂಟಶಾಸನವನ್ನು ಕೊರೆದವನು ನಿಲ್ಲಿಸಿದಲ್ಲಿಂದ ಕೆಲಸವನ್ನು ಮುಂದುವರಿಸಿದಂತಾಗುತ್ತದೆ. ವಿನಯಾದಿತ್ಯನ ಹಲಗೆ, ಪೋಲಾಳ್ವನ ಕಲ್ಲು, ಇವೆರಡೇ ಆ ಊರಿನ ಹಿರಿಮೆಗೆ ಸಾಲುವಷ್ಟು ಸಾಕ್ಷಿ.